ಫಿರಂಗಿ ದಾರಿಯ ಶುಭಾಶಯಗಳು

ಬೆಂಗಳೂರಿನಲ್ಲಿರುವ ತಮ್ಮನ ಮಗಳು ಈ ಸಲ ದೀಪಾವಳಿಗೆ ವಾಟ್ಸಾಪ್ ದೀಪ ಬಿಟ್ಟು ಅಂಚೆಯಲ್ಲಿ ಕಾರ್ಡನ್ನೇ ಕಳಿಸಿದ್ದಾಳೆ. ಗಟ್ಟಿ ಕಾಗದ, ಟೀ ಚೆಲ್ಲಿ ಒಣಗಿದಂಥ ಬಣ್ಣ, ಮೇಲೆ ಹಳೇ ಮಿಲಿಟರಿ ನಕ್ಷೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ. ಕೆಂಪು ಗೆರೆಯ ರಸ್ತೆ, ಕಪ್ಪು ಗೆರೆಯ ರೈಲು, ತುಂಡು ಗೆರೆಯ ಗಾಡಿದಾರಿ. ಕೆಳಗೆ ಬಂಗಾರದ ಅಕ್ಷರದಲ್ಲಿ 'ನಿಮ್ಮ ಬದುಕಿನ ಪಯಣ ಸುಗಮವಾಗಿರಲಿ'. ಬೆಲೆ ಇನ್ನೂರೈವತ್ತು. ಚೀಟಿ ಕೀಳುವುದನ್ನು ಮರೆತಿದ್ದಾಳೆ.

ನೀವೂ ನೋಡಿರುತ್ತೀರಿ ಬಿಡಿ. ಹೋಂಸ್ಟೇ ಗೋಡೆ, ಕಾಫಿ ತರುವ ಟ್ರೇ, ಮದುವೆ ಕರೆಯೋಲೆ, ಎಲ್ಲ ಕಡೆ ಇದೇ. ಗಣಪತಿಗೂ ಜೋಡಿ ಹಂಸಕ್ಕೂ ನಿವೃತ್ತಿ ಕೊಟ್ಟಾಯಿತು. ಮೊನ್ನೆ ಬಂದ ಕರೆಯೋಲೆಯಲ್ಲಿ ವಧೂವರರ ಹೆಸರಿನ ನಡುವೆ ಆಗುಂಬೆ ಘಾಟಿ. 14 ಹಿಮ್ಮುರಿ ತಿರುವು, ಸಪ್ತಪದಿಯ ಎರಡರಷ್ಟು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನ ನಿಷೇಧ ಅಂತ ಬೀಗರಿಗೆ ಯಾರೂ ಹೇಳಿದಂತಿಲ್ಲ. ನಕ್ಷೆಯ ಮೂಲೆಯಲ್ಲಿ ಗೆರೆಗಳ ಅರ್ಥ ಹೇಳುವ ಸೂಚಿಯನ್ನೂ ಹಾಗೇ ಅಚ್ಚು ಹಾಕಿಸಿದ್ದರು: 'ಒಣ ಹವೆಯಲ್ಲಿ ಮಾತ್ರ ಸಂಚಾರಯೋಗ್ಯ'. ದಾಂಪತ್ಯದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಯಾವ ಪುರೋಹಿತರ ಬಾಯಲ್ಲೂ ಕೇಳಿಲ್ಲ ಮಾರಾಯ್ರೆ.

ನಕ್ಷೆ ಬರೆದವರಿಗೆ ಚಂದ ಬೇಕಿರಲಿಲ್ಲ. ಫಿರಂಗಿ ಈ ಹಳ್ಳ ದಾಟುತ್ತದೋ, ಎತ್ತಿಗೆ ನೀರೆಲ್ಲಿ, ಅಕ್ಕಿ ಎಷ್ಟು ದಿನಕ್ಕೆ ಬಂದೀತು, ಅಷ್ಟೇ. 1800ರಲ್ಲಿ, ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಚನ್ನಗಿರಿಯ ಧೋಂಡಿಯಾ ವಾಘನ ಬೆನ್ನು ಹತ್ತಿದ ಅವರ ಕರ್ನಲ್ ವೆಲ್ಲೆಸ್ಲಿಯ ಕಾಗದಗಳನ್ನು ತೆಗೆದು ನೋಡಿ, ಶೌರ್ಯಕ್ಕಿಂತ ಎತ್ತಿನ ಚಿಂತೆಯೇ ಜಾಸ್ತಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮಹಾಶಯ ಇವನೇ. ಹೈದರ್, ಟಿಪ್ಪು ಕಾಲದಿಂದ ಫಿರಂಗಿ ಎಳೆದ ನಮ್ಮ ಅಮೃತಮಹಲ್ ಎತ್ತುಗಳನ್ನು ಕಂಡು ಅವನೂ ಬೆರಗಾಗಿದ್ದ. ಧೋಂಡಿಯಾ ತನ್ನನ್ನು 'ಎರಡು ಲೋಕಗಳ ದೊರೆ' ಎಂದು ಕರೆದುಕೊಳ್ಳುತ್ತಿದ್ದ. ಬಯಲುಸೀಮೆ ಒಂದು, ಮಲೆನಾಡು ಇನ್ನೊಂದು ಇರಬೇಕು. ಈಗಲೂ ಶಿವಮೊಗ್ಗ ದಾಟಿದ ಮೇಲೆ ಮೊಬೈಲ್ ಸಿಗ್ನಲ್ಲು ಆ ಗಡಿಯನ್ನು ಗೌರವಿಸುತ್ತದೆ. ಎಲ್ಲಿಂದ ಎಲ್ಲಿಗೋ ಬಂದೆ.

ಕಾರ್ಡಿನದು ಅಮೆರಿಕದ ಸೈನ್ಯದ ನಕ್ಷೆ. 1950ರ ದಶಕದಲ್ಲಿ ಅವರು ನಮ್ಮ ದೇಶವನ್ನೆಲ್ಲ 1:2,50,000 ಪ್ರಮಾಣದಲ್ಲಿ ಅಚ್ಚು ಹಾಕಿಟ್ಟುಕೊಂಡಿದ್ದರು. ಈಗ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಮ್ಮ ಸರ್ವೆ ಇಲಾಖೆಯದೇ ಶೀಟು, ಅದೂ ಕರಾವಳಿಗೋ ಗಡಿಗೋ ಹತ್ತಿರದ್ದು, ಬೇಕೆಂದರೆ ಬಹಳ ಕಾಲ ನೂರೆಂಟು ನಿರ್ಬಂಧ. ನಮ್ಮೂರ ಹಳ್ಳ ನಮಗೆ ಗುಟ್ಟು, ವಾಷಿಂಗ್ಟನ್ನಿಗೆ ಗೊತ್ತು.

ಒಂದು ವಿಷಯಕ್ಕೆ ಮೆಚ್ಚಲೇಬೇಕು, ನಕ್ಷೆ ಹಳತಾಗಿಲ್ಲ. ತಾಳಗುಪ್ಪಕ್ಕೆ ಹೋಗಿ ನಿಂತ ರೈಲಿನ ಗೆರೆ ಇವತ್ತಿಗೂ ಅಲ್ಲೇ ನಿಂತಿದೆ. ಹಳಿ ಅಗಲವಾಯಿತು, ಹೊನ್ನಾವರದ ಕಡೆಗೆ ಒಂದು ಗೇಣು ಉದ್ದವಾಗಲಿಲ್ಲ. ನಮ್ಮೂರಿನಿಂದ ಟಾರು ರಸ್ತೆಗೆ ಐದು ಕಿಲೋಮೀಟರ್, ಕಾರ್ಡಿನಲ್ಲಿ ಎರಡು ಸೆಂಟಿಮೀಟರ್ ತುಂಡು ಗೆರೆ. ಈಗಲೂ ತುಂಡು ತುಂಡೇ. ನಡುವಿನ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ, ಪ್ರತಿ ವರ್ಷ ನಾವೇ ಹಾಕುವುದು, ಪ್ರತಿ ಆಷಾಢದಲ್ಲಿ ಹಳ್ಳವೇ ಒಯ್ಯುವುದು.

ಪಕ್ಕದ ಮನೆ ಗಿರಿಜಕ್ಕನಿಗೆ ಕಾರ್ಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಶರಾವತಿಯ ಗೆರೆಯ ಮೇಲೆ ಬೆರಳಿಟ್ಟು ಹೋದರು, ಹೋದರು, ನಿಂತರು. "ಇಲ್ಲೊಂದು ದಾರಿ ಇತ್ತು ಕಣೋ, ಅಪ್ಪಯ್ಯ ಗಾಡಿ ಹೊಡ್ಕಂಡು ಬರ್ತಿದ್ದದ್ದು ಇದ್ರಲ್ಲೇ." ನಕ್ಷೆಯಲ್ಲಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ದಾರಿ, ಗದ್ದೆ, ಮನೆ ಎಲ್ಲ ನೀರಿನಡಿ. ನಾಡಿಗೆಲ್ಲ ದೀಪ ಹೊತ್ತಿತು. ಮುಳುಗಿದವರನ್ನು ಲಾರಿಯಲ್ಲಿ ತಂದು ಕಾಡಿಗೆ ಸುರಿದರು, ಅವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರ ಕೇಳುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದವರು ಅರವತ್ತು ವರ್ಷ ಲಾಂಚಿಗೆ ಕಾದು ನಿಂತರು, ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇದರಲ್ಲಿ ತಮಾಷೆ ಹುಡುಕಿ ನನಗೆ ಸಾಕಾಗಿದೆ. ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಸಂಕ ದಾಟಿಸುವ ಊರುಗಳು ಈ ಚಂದದ ಕಾಗದದ ತುಂಬ ಇವೆ. ಫಿರಂಗಿ ಸಾಗಿಸಲು ಇನ್ನೂರು ವರ್ಷದ ಹಿಂದೆ ಯೋಚನೆ ಮಾಡಿದವರಿದ್ದರು. ಬಸುರಿ ಹೆಂಗಸನ್ನು ಸಾಗಿಸಲು ಯೋಚನೆ ಮಾಡುವವರು ಇನ್ನೂ ಹುಟ್ಟಬೇಕೇನೋ.

ಇರಲಿ. ಇನ್ನೂರೈವತ್ತು ದಂಡವಾಗುವುದು ಬೇಡ ಅಂತ ರಸ್ತೆಯ ಅರ್ಜಿಗೆ ಕಾರ್ಡನ್ನು ದಾಖಲೆಯಾಗಿ ಲಗತ್ತಿಸಿ ಒಂದು ಕಚೇರಿಗೆ ಕೊಟ್ಟೆ. ಎಪ್ಪತ್ತು ವರ್ಷದ ಹಿಂದೆಯೇ ದಾರಿ ಇತ್ತು ಸ್ವಾಮಿ, ಹೊಸದೇನೂ ಕೇಳುತ್ತಿಲ್ಲ ಎಂದೆ. ಗುಮಾಸ್ತರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ದಾರಿ ಸರಿ. ಎರಡೂ ಕಡೆ ಹಸಿರು ಬಣ್ಣ ಬಳಿದಿದಾರಲ್ರೀ, ಅಂದ್ರೆ ಅರಣ್ಯ ಆಯ್ತು. ಫಾರೆಸ್ಟಿನವರ ಎನ್‌ಒಸಿ ತಗೊಂಡ್ ಬನ್ನಿ."