ಮೀನಿನ ಕಣ್ಣು ನನ್ನ ಪಾಲಿಗೆ ಬಂತು

ಬಡಾವಣೆಯವರೆಲ್ಲ ಸೇರಿ ಗಾಳಿಪಟದ ಕಲಾ ಉತ್ಸವ ಮಾಡುವುದೆಂದಾಯಿತು. ಸುಮ್ಮನೆ ಪಟ ಹಾರಿಸಿ ಮನೆಗೆ ಬಂದಿದ್ದರೆ ಆಗುತ್ತಿತ್ತು. ಆದರೆ ಸಮಿತಿ ಎಂದು ಒಂದಾದ ಮೇಲೆ ಅಷ್ಟು ಸುಲಭದ ಕೆಲಸ ಅದಕ್ಕೆ ಒಗ್ಗುವುದಿಲ್ಲ. 36 ಮನೆ, 36 ಪಟ, ಒಂದೊಂದರ ಮೇಲೂ ಒಂದೊಂದು ತುಂಡು ಚಿತ್ರ. ಎಲ್ಲವೂ ಒಟ್ಟಿಗೆ ಮೇಲೇರಿದಾಗ ಆಕಾಶದಲ್ಲಿ ದೊಡ್ಡದೊಂದು ಮೀನು ಕಾಣಬೇಕು! ಚೀಟಿ ಎತ್ತಿದೆವು. ಉಳಿದವರಿಗೆ ಹೊಟ್ಟೆ, ಬಾಲ, ಹುರುಪೆ ಬಂದವು. ನನಗೆ ಕಣ್ಣು. ಅರ್ಜುನ ಮೀನಿನ ಕಣ್ಣಿಗೆ ಬಾಣ ಹೊಡೆದಿದ್ದ, ಅಷ್ಟೆ. ಅದನ್ನು ಹಾರಿಸುವ ಹೊಣೆಯನ್ನು ಯಾರೂ ಅವನ ತಲೆಗೆ ಕಟ್ಟಿರಲಿಲ್ಲ.

ಸಮಿತಿ ಕೊಟ್ಟದ್ದು ತೆಳು ನೈಲಾನ್ ಬಟ್ಟೆಯ ಬಿಳಿ ಪಟ. ಅದರ ಅಡ್ಡಕಡ್ಡಿಯನ್ನು ದಾರದಿಂದ ಬಿಗಿದು ಬಿಲ್ಲಿನಂತೆ ಬಾಗಿಸಿದ್ದರು. ಬಾಗಿದ ಬಟ್ಟೆಯ ಮೇಲೆ ನಾನು ಬರೆದ ಕಣ್ಣುಗುಡ್ಡೆ ಕೋಳಿಮೊಟ್ಟೆಯಂತಾಯಿತು. ದಾರ ಬಿಚ್ಚಿದೆ. ಪಟ ಚಪ್ಪಟೆಯಾಯಿತು, ಗುಡ್ಡೆ ದುಂಡಗಾಯಿತು. ಪೋಸ್ಟರ್ ಬಣ್ಣ ನೈಲಾನಿಗೆ ಹಿಡಿಯದೆ ಜಾರುತ್ತಿತ್ತು. ಎರಡು ಸಲ ಬಳಿದೆ, ಮೂರು ಸಲ ಬಳಿದೆ. ನೋಟದಲ್ಲಿ ಕಾಂತಿ ಸಾಲದೆನಿಸಿ ಬೆಳ್ಳಿ ಬಣ್ಣದ ಜರಿ ಪುಡಿಯನ್ನೂ ಉದುರಿಸಿದೆ. ಎತ್ತಿ ನೋಡಿದರೆ ಹಿಂಡದ ಟವೆಲ್ಲಿನಷ್ಟು ಭಾರ.

"ರೀ, ಇದು ಹಾರಬೇಕೋ, ಗೋಡೆಗೆ ನೇತುಹಾಕಬೇಕೋ?" ಎಂದಳು ಹೆಂಡತಿ. ಕಲೆಯ ಗಂಧವಿಲ್ಲದವರ ಜೊತೆ ವಾದವೇಕೆಂದು ಸುಮ್ಮನಾದೆ.

ಉತ್ಸವದ ದಿನ ಗಾಳಿ ತಡವಾಯಿತು. ಆ ಬಿಡುವಿನಲ್ಲಿ ಅಕ್ಕಪಕ್ಕದವರಿಗೆ ಪಟದ ಮಹಿಮೆ ಹೇಳತೊಡಗಿದೆ. 1848ರಲ್ಲಿ ನಯಾಗರದ ಕಂದರಕ್ಕೆ ತೂಗುಸೇತುವೆ ಕಟ್ಟುವಾಗ ಮೊದಲ ದಾರ ದಾಟಿಸಿದ್ದು ಹೋಮನ್ ವಾಲ್ಶ್ ಎಂಬ ಹುಡುಗನ ಗಾಳಿಪಟ. 1901ರಲ್ಲಿ ಅಟ್ಲಾಂಟಿಕ್ ಆಚೆಯಿಂದ ಬಂದ ರೇಡಿಯೋ ಸಂಕೇತ ಹಿಡಿಯಲು ಮಾರ್ಕೋನಿ ಆಂಟೆನಾ ತಂತಿಯನ್ನು ಮೇಲೇರಿಸಿದ್ದೂ ಗಾಳಿಪಟದಿಂದಲೇ. ಇಷ್ಟು ಹೇಳುವಷ್ಟರಲ್ಲಿ ಗಾಳಿ ಬಂತು. ನನ್ನ ಪಟ ಅಟ್ಲಾಂಟಿಕ್ ದಾಟಬೇಕಾಗಿರಲಿಲ್ಲ, ನನ್ನ ತಲೆ ದಾಟಿದ್ದರೆ ಸಾಕಿತ್ತು.

ಹತ್ತು ವರ್ಷದ ಹುಡುಗನೊಬ್ಬ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. "ಅಂಕಲ್, ಕಡ್ಡಿಗೆ ಬಾಗು ಇಲ್ಲವಲ್ಲ. ಬಾಗು ಇಲ್ಲದಿದ್ದರೆ ಬಾಲಂಗೋಚಿಯಾದರೂ ಬೇಕು."

"ಕಣ್ಣಿಗೆ ಎಲ್ಲಿಯ ಬಾಲವಪ್ಪ?"

"ಹಾಗಾದರೆ ಹಾರುವುದಿಲ್ಲ" ಎಂದು ಹೊರಟೇಹೋದ. ಅಡ್ಡಕಡ್ಡಿ ಬಾಗಿಸಿದರೆ ಬಾಲದ ಹಂಗಿಲ್ಲವೆಂದು ವಿಲಿಯಂ ಎಡ್ಡಿ ಎಂಬ ಅಮೆರಿಕದವನು 1890ರ ದಶಕದಲ್ಲೇ ಹಾರಿಸಿ ತೋರಿಸಿದ್ದನಂತೆ. ಹುಡುಗ ಆ ಹೆಸರು ಕೇಳಿದವನಲ್ಲ, ಪಟ ಹಾರಿಸಿದವನು.

ಅತ್ತ ಮೇಲೆ ಮೀನು ಏಳುತ್ತಿತ್ತು. ಗಾಳಿಗೆ ಸಮಿತಿಯ ನಕ್ಷೆಯನ್ನು ಯಾರೂ ತೋರಿಸಿರಲಿಲ್ಲವೆಂದು ಕಾಣುತ್ತದೆ. ಬಾಲ ಬಾಯಿಗಿಂತ ಮುಂದಿತ್ತು. ಎರಡು ಹುರುಪೆಗಳು ದಾರಕ್ಕೆ ದಾರ ಸುತ್ತಿಕೊಂಡು ಜಗಳಕ್ಕೆ ಬಿದ್ದಿದ್ದವು. ಹೊಟ್ಟೆ ಯಾರ ಗೊಡವೆಯೂ ಬೇಡವೆಂದು ಪಕ್ಕದ ಬೀದಿಯ ಮೇಲಿತ್ತು. ಇಷ್ಟಾದರೂ ಅಧ್ಯಕ್ಷರಿಗೆ ಕಂಡ ಕೊರತೆ ಒಂದೇ. ಮೈಕಿನಲ್ಲಿ ಕೂಗಿದರು: "ಮೀನಿನ ಕಣ್ಣು ಎಲ್ಲಿದ್ದರೂ ತಕ್ಷಣ ಮೇಲೆ ಬರಬೇಕು!"

ಮೈದಾನವೆಲ್ಲ ತಿರುಗಿ ನೋಡಿತು. ಮಾನ ಉಳಿಸಿಕೊಳ್ಳಲು ಓಡಿದೆ. ಒಂದು ಚಪ್ಪಲಿ ಹಿಂದೆ ಉಳಿಯಿತು. ಜೋರು ಗಾಳಿಯೊಂದು ಕರುಣೆ ತೋರಿ ಪಟವನ್ನು ಎತ್ತಿತು. ಪಟ ಎರಡು ಆಳೆತ್ತರ, ನಾಲ್ಕು ಆಳೆತ್ತರ ಏರಿ, ಸರಕ್ಕನೆ ಗೋತಾ ಹೊಡೆದು ಮೈದಾನದಂಚಿನ ಮರಕ್ಕೆ ಸಿಕ್ಕಿತು. ಆ ಮರ ಇರುವುದು ನಮ್ಮ ಮನೆಯ ಬಾಲ್ಕನಿಯ ಎದುರಿಗೇ.

ಮೂರು ವಾರ ಆ ಕಣ್ಣು ನಮ್ಮನ್ನು ರೆಪ್ಪೆ ಬಡಿಯದೆ ನೋಡಿತು. ಹೆಂಡತಿ ಪರದೆ ಹಾಕಿದಳು. ನಾನು ಬಾಲ್ಕನಿಯಲ್ಲಿ ಪತ್ರಿಕೆ ಓದುವುದನ್ನು ಬಿಟ್ಟೆ. ಆಮೇಲೆ ಮಳೆ ಹಿಡಿಯಿತು. ಮೊದಲ ದಿನ ಕಪ್ಪು ಇಳಿಯಿತು, ಮರುದಿನ ನೀಲಿ. ಜರಿ ಪುಡಿ ಎಲೆಗಳ ಮೇಲೆ ಮಿನುಗುತ್ತಿತ್ತು. ಮಳೆ ಬಿಟ್ಟ ಬೆಳಿಗ್ಗೆ ಹೆಂಡತಿ ಕೂಗಿದಳು: "ರೀ, ಬನ್ನಿ ಇಲ್ಲಿ!"

ನೋಡಿದರೆ, ಬಣ್ಣವೆಲ್ಲ ತೊಳೆದುಹೋದ ಬಿಳಿ ಪಟ ಮರದ ಮೇಲೆ ಹಾರುತ್ತಿದೆ. ದಾರದ ತುದಿ ಕೊಂಬೆಗೆ ಸುತ್ತಿಕೊಂಡಿದೆ. ಇನ್ನೆಲ್ಲೋ ಸಿಕ್ಕಿ ಕಿತ್ತು ಬಂದ ಹುರಿಯೊಂದು ಕೆಳಗೆ ಜೋತುಬಿದ್ದು, ಹೇಳಿ ಮಾಡಿಸಿದ ಬಾಲಂಗೋಚಿಯಂತೆ ಆಡುತ್ತಿದೆ.

"ಮರ ಚೆನ್ನಾಗಿ ಹಾರಿಸುತ್ತದೆ" ಎಂದಳು.