28ನೇ ನಂಬರ್ ಟ್ರಾಮಿಗೆ ಕೈ ಮುಗಿದೆ

ಇವತ್ತೂ ಅದೇ ಕಥೆ. ಲಿಸ್ಬನ್ನಿನ ಮಾರ್ತಿಂ ಮೊನಿಜ್ ಸ್ಟಾಪಿನಲ್ಲಿ, ಪ್ರವಾಸಿಗರೆಲ್ಲ ಮುಗಿಬೀಳುವ 28ನೇ ನಂಬರ್ ಟ್ರಾಮಿಗೆ ಹನುಮಂತನ ಬಾಲದಂಥ ಕ್ಯೂ. ಊರಿಂದ ಬಂದ ನೆಂಟರಿಗೆ ಅದರಲ್ಲೇ ಹತ್ತಬೇಕೆಂಬ ಹಟ. (ನಾನು ಈ ಊರಿಗೆ ಬಂದ ಮೇಲೇ ನಮ್ಮ ಬಳಗ ಇಷ್ಟು ದೊಡ್ಡದು ಅಂತ ಗೊತ್ತಾಗಿದ್ದು. ಇರಲಿ ಬಿಡಿ.)

ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು, ಯಾರದೋ ಕಂಕುಳ ಕೆಳಗೆ ತಲೆ ತೂರಿಸಿ, ಮುಂದಿನವರ ಬ್ಯಾಗ್ ನೋಡಿಕೊಂಡು ಹೋಗುವುದಕ್ಕೆ ಊರು ಸುತ್ತುವುದು ಅಂತಾರಾ?

ಆ ಸ್ಟಾಪಿನ ಬೆನ್ನಿಗೇ ಮೊರಾರಿಯಾ ಇದೆ. 1147ರಲ್ಲಿ ಕ್ರೈಸ್ತ ರಾಜ ಊರು ಗೆದ್ದ ಮೇಲೆ ಮುಸ್ಲಿಮರಿಗೆ ಬಿಟ್ಟುಕೊಟ್ಟ ಕೇರಿ. ಈಗ ಬಾಂಗ್ಲಾದೇಶದವರ ಅಂಗಡಿಗಳೇ ಜಾಸ್ತಿ, ನಾನು ಬೇಳೆ ತರುವುದೂ ಅಲ್ಲಿಂದಲೇ. ಕ್ಯೂನಲ್ಲಿದ್ದ ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ.

ನಡೀರಿ ಮಾರಾಯ್ರೇ! ಊರ ನಡುವಿನ ತಗ್ಗು ಭಾಗ ಬೈಶಾ, ಅಲ್ಲಿನ ಬೀದಿಗಳೆಲ್ಲ ನೆಟ್ಟಗೆ. 1755ರ ನವೆಂಬರ್ 1ರಂದು ಭೂಕಂಪ, ಹಿಂದೆಯೇ ಸುನಾಮಿ, ಬೆಂಕಿ. ಎಲ್ಲ ಮುಗಿದ ಮೇಲೆ ಮಂತ್ರಿ ಪೊಂಬಾಲ್ ಹೊಸದಾಗಿ ಕಟ್ಟಿಸಿದ್ದು ಇದು. ಮತ್ತೆ ಭೂಮಿ ನಡುಗಿದರೆ ತಡೆಯಲಿ ಅಂತ ಗೋಡೆಯೊಳಗೆ ಮರದ ಚೌಕಟ್ಟು ಕೂರಿಸಿದ್ದಾರೆ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ಹತ್ತಿದರೆ ಅಲ್ಫಾಮಾ. ಭೂಕಂಪದಲ್ಲಿ ಬಹುಪಾಲು ಉಳಿದುಕೊಂಡ ಕೇರಿ, ಒಂದು ಗಲ್ಲಿಯೂ ನೆಟ್ಟಗಿಲ್ಲ. ಮೆಟ್ಟಿಲು, ತಿರುವು, ಮತ್ತೆ ಮೆಟ್ಟಿಲು, ಕೊನೆಗೆ ಯಾರದೋ ಮನೆ ಬಾಗಿಲು. ಮೇಲೆ ಒಣಹಾಕಿದ ಬೆಡ್‌ಶೀಟಿನಿಂದ ನೆತ್ತಿಗೆ ನೀರು ತೊಟ್ಟಿಕ್ಕುತ್ತದೆ. ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡ ಅಜ್ಜಿ ಪುಟ್ಟ ಲೋಟದಲ್ಲಿ ಜಿಂಜಿನ್ಯಾ ಮಾರುತ್ತಾರೆ. ಹುಳಿ ಚೆರ್ರಿಯ ಮದ್ಯ, ಸಿಹಿ. (ಅಮ್ಮಾ, ಇದನ್ನು ಓದುತ್ತಿದ್ದರೆ: ಸುಮ್ನೆ ರುಚಿ ನೋಡಿದೆ ಅಷ್ಟೇ.) ಬಿದ್ದು ಎದ್ದ ಊರು, ಬೀಳದೆ ನಿಂತ ಊರು, ಎರಡೂ ಒಂದೇ ನಡಿಗೆಗೆ ಸಿಗುತ್ತವೆ.

"ಏರು ಜಾಸ್ತಿ, ಮಂಡಿ ನೋವು" ಅಂತೀರಿ. ಏರು ಹೌದು, ಸುಣ್ಣದ ಕಲ್ಲಿನ ಫುಟ್‌ಪಾತ್ ಮಳೆ ಬಂದರೆ ಜಾರುವುದೂ ಹೌದು. ಆದರೆ ಬೈಶಾದಿಂದ ಗುಡ್ಡದ ಮೇಲಿನ ಕೋಟೆ ಕಡೆ ಹತ್ತಲು ಪುಕ್ಕಟೆ ಲಿಫ್ಟ್ ಇದೆ, 737 ಬಸ್ ಇದೆ. ಅಷ್ಟು ಮಂಡಿ ನೋವಿರುವವರು ಅಷ್ಟು ಹೊತ್ತು ಕ್ಯೂನಲ್ಲಿ ಹೇಗೆ ನಿಂತಿರಿ ಸ್ವಾಮಿ?

ನಿಜವಾಗಿ ಟ್ರಾಮ್ ಬೇಕಿದ್ದುದು ಮೇಲೆ ಗ್ರಾಸಾ ಕೇರಿಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿಗೆ. ಒಳಗೆ ಕಾಲಿಡಲು ಜಾಗವಿರಲಿಲ್ಲ, ಹತ್ತಲಾಗಲಿಲ್ಲ. ಟ್ರಾಮಿನ ಕಿಟಕಿಯಿಂದ ಒಬ್ಬರು ಆ ಅಜ್ಜಿಯದೇ ಫೋಟೊ ತೆಗೆದರು! ಮೈ ಉರಿದುಹೋಯಿತು.

ಮುಂದೆ ಬರುವ ನೆಂಟರಿಗೆ ಈಗಲೇ ಹೇಳುತ್ತಿದ್ದೇನೆ. ಗಟ್ಟಿ ಶೂ ತನ್ನಿ. ಟ್ರಾಮೇ ಬೇಕು ಅಂದರೆ ಬೆಳಗಾಗುವ ಮುಂಚೆ ಎದ್ದು ಹೋಗಿ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ, ನೀವೇ ಹುಯ್ದುಕೊಳ್ಳಿ, ನನ್ನನ್ನು ಎಬ್ಬಿಸಬೇಡಿ.