ಮಾರ್ಜಾದ ರೈತ ಯಾರ ಕಡೆ?

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿಗಳ ಕೈಸೇರಿದಾಗ ಎಲ್ಲೆಲ್ಲೂ ಒಂದೇ ಮಾತು: ಆಫ್ಘನ್ನರಿಗೇ ಹೋರಾಡುವ ಮನಸ್ಸಿರಲಿಲ್ಲವಂತೆ. ಆದರೆ ಇಪ್ಪತ್ತು ವರ್ಷಗಳ ಯುದ್ಧದಲ್ಲಿ ಆ ದೇಶದ 60,000ಕ್ಕೂ ಹೆಚ್ಚು ಸೈನಿಕರು, ಪೊಲೀಸರು ಸತ್ತಿದ್ದರು. ಆ ಮಾತು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೆಲ್ಮಂಡ್ ಪ್ರಾಂತ್ಯದ ಮಾರ್ಜಾವನ್ನೇ ನೋಡಿ. ಕಾಲುವೆ ನೀರಿನ, ಅಫೀಮು ಬೆಳೆಯುವ ಸೀಮೆ. 2010ರ ಫೆಬ್ರುವರಿಯಲ್ಲಿ ತಾಲಿಬಾನಿಗಳನ್ನು ಓಡಿಸಲು ಅಮೆರಿಕದ ಮರೀನ್ ಪಡೆ ಆಫ್ಘನ್ ಸೈನಿಕರ ಜೊತೆ ಅಲ್ಲಿಗೆ ನುಗ್ಗಿತು. ಸರ್ಕಾರವನ್ನು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಇಟ್ಟಿದ್ದೇವೆ, ತಂದು ಇಳಿಸುವುದಷ್ಟೇ ಬಾಕಿ ಎಂದು ಅಲ್ಲಿನ ಅಮೆರಿಕನ್ ಪಡೆಗಳ ಮುಖ್ಯಸ್ಥ ಜನರಲ್ ಮೆಕ್‌ಕ್ರಿಸ್ಟಲ್ ಹೇಳಿದ್ದರು. (ಸರ್ಕಾರವೇನು ಹೊಲಿಗೆ ಯಂತ್ರವೇ?) ಅದಕ್ಕೆ ಎರಡು ತಿಂಗಳ ಮುಂಚೆ ಒಬಾಮ ಒಂದೇ ಭಾಷಣದಲ್ಲಿ ಎರಡು ಸುದ್ದಿ ಕೊಟ್ಟಿದ್ದರು: ಇನ್ನೂ 30,000 ಸೈನಿಕರು ಹೋಗುತ್ತಾರೆ, 2011ರ ಜುಲೈಯಿಂದ ಮರಳತೊಡಗುತ್ತಾರೆ. ಅಲ್ಲಿಯೇ ಬಾಳಬೇಕಾದ ರೈತನಿಗೆ ಎರಡನೆಯ ಸುದ್ದಿಯೇ ದೊಡ್ಡದು. ತಾಲಿಬಾನಿಗಳು ಹೊರಡುವ ತಾರೀಖು ಹೇಳಿರಲಿಲ್ಲ. ಅವರಲ್ಲಿ ಅನೇಕರ ಮನೆ, ಹೊಲ ಅಲ್ಲೇ ಇದ್ದವು.

ಹಗಲು ಮರೀನ್‌ಗಳು ಬಂದು ಬಾವಿ ಬೇಕೇ, ಶಾಲೆ ಬೇಕೇ ಎಂದು ಕೇಳುತ್ತಾರೆ. ಸಂಜೆಗೆ ಶಿಬಿರಕ್ಕೆ ಮರಳುತ್ತಾರೆ. ಕತ್ತಲಾದ ಮೇಲೆ ಬಾಗಿಲಿಗೆ ಶಬ್‌ನಾಮಾ ಅಂಟುತ್ತದೆ, ಅಂದರೆ ರಾತ್ರಿಪತ್ರ: ವಿದೇಶಿಯರೊಡನೆ ಮಾತನಾಡಿದವನಿಗೆ ಏನು ಕಾದಿದೆ ಎಂಬ ಎಚ್ಚರಿಕೆ. ಅತ್ತ ದರಿ, ಇತ್ತ ಪುಲಿ. ಇಲ್ಲಿ ಬಾವಿಯ ನೀರಿಗೂ ಬೆಲೆಯಿದೆ.

ಹೆದರಿಕೆಯೊಂದೇ ಕಾರಣ ಎಂದರೂ ಅರ್ಧ ಸತ್ಯ. ಜಮೀನಿನ ತಕರಾರು ಸರ್ಕಾರಿ ನ್ಯಾಯಾಲಯಕ್ಕೆ ಹೋದರೆ ಲಂಚ, ವರ್ಷಗಟ್ಟಲೆ ಅಲೆದಾಟ. ತಾಲಿಬಾನ್ ಖಾಜಿ ಬೇಗ ತೀರ್ಪು ಕೊಡುತ್ತಿದ್ದ, ಅದನ್ನು ಜಾರಿಗೂ ತರುತ್ತಿದ್ದ. ಅಫೀಮಿನ ಮೇಲೆ ವ್ಯಾಪಾರಿಯಿಂದ ಮುಂಗಡ ತಂದವನ ಬೆಳೆಯನ್ನು ಸರ್ಕಾರ ಉತ್ತು ಹಾಕಿದರೆ ಬೆಳೆ ಹೋಯಿತು, ಸಾಲ ಉಳಿಯಿತು. ಹಳೆಯ ಹಗೆ ತೀರಿಸಿಕೊಳ್ಳಲು ‘ಅವನು ತಾಲಿಬಾನಿ’ ಎಂದು ಅಮೆರಿಕನ್ನರ ಕಿವಿ ಊದಿದವರೂ ಇದ್ದರು. ಹಾಗೆ ಸಿಕ್ಕಿಬಿದ್ದ ಕೆಲವರು ಗ್ವಾಂಟನಾಮೊದ ಅಮೆರಿಕನ್ ಸೆರೆಮನೆಯವರೆಗೂ ಹೋದರು. ಆಮೇಲೆ ಅಂಥವನ ತಮ್ಮ ಯಾವ ಕಡೆ ನಿಲ್ಲುತ್ತಾನೆ? ಒಬ್ಬ ಮಗ ಸರ್ಕಾರಿ ಸೈನ್ಯದಲ್ಲಿ, ಇನ್ನೊಬ್ಬ ತಾಲಿಬಾನಿನಲ್ಲಿ ಇದ್ದ ಮನೆಗಳನ್ನು ಪತ್ರಕರ್ತರು ಕಂಡಿದ್ದಾರೆ. ಇದನ್ನು ದ್ರೋಹ ಎನ್ನಲು ನನಗೆ ಬಾಯಿ ಬರುವುದಿಲ್ಲ. ಯಾರು ಗೆದ್ದರೂ ಮನೆ ಉಳಿಯಬೇಕಲ್ಲ.

ಇಷ್ಟೆಲ್ಲದರ ನಡುವೆಯೂ ಖಚಿತವಾಗಿ ಒಂದು ಕಡೆ ನಿಂತವರಿದ್ದರು: ದುಭಾಷಿಗಳು, ಶಿಕ್ಷಕಿಯರು, ಮಹಿಳಾ ನ್ಯಾಯಾಧೀಶರು. ತನಗಾಗಿ ದುಡಿದ ಆಫ್ಘನ್ನರಿಗೆಂದು ಅಮೆರಿಕ 2009ರಲ್ಲೇ ವಿಶೇಷ ವೀಸಾ ಯೋಜನೆ ಮಾಡಿತ್ತು. 2021ರ ಆಗಸ್ಟ್‌ನಲ್ಲಿ, ಅರ್ಜಿ ಇನ್ನೂ ಇತ್ಯರ್ಥವಾಗದ ಎಷ್ಟೋ ಜನ ಕಾಬೂಲ್ ವಿಮಾನ ನಿಲ್ದಾಣದ ಗೋಡೆಯ ಹೊರಗೆ, ಚರಂಡಿಯ ನೀರಿನಲ್ಲಿ ನಿಂತು ಕಾಗದಪತ್ರಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು.